ಝಾನ್ ರೆನ್ವಾರ್: ತೀರ್ಪು ಕೊಡದ ಕ್ಯಾಮೆರಾ

ಫ್ರಾನ್ಸಿನ ಚಿತ್ರನಿರ್ದೇಶಕ ಝಾನ್ ರೆನ್ವಾರ್ ಹುಟ್ಟಿದ್ದು 1894ರ ಸೆಪ್ಟೆಂಬರ್ 15ರಂದು, ಪ್ಯಾರಿಸ್ಸಿನ ಮೋಂಮಾರ್ತ್ರ್ ಬಡಾವಣೆಯಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಲೂಮಿಯೇರ್ ಸಹೋದರರು ಅದೇ ನಗರದಲ್ಲಿ ಟಿಕೆಟ್ ಇಟ್ಟು ಚಲಿಸುವ ಚಿತ್ರಗಳನ್ನು ತೋರಿಸಿದರು. ರೆನ್ವಾರ್ ಅವರಿಗೂ ಸಿನಿಮಾಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು. ತಂದೆ ಪಿಯೇರ್ ಓಗುಸ್ತ್ ರೆನ್ವಾರ್ ಇಂಪ್ರೆಷನಿಸ್ಟ್ ಪಂಥದ ಹೆಸರಾಂತ ಚಿತ್ರಕಾರ. ಮನೆಯ ಮಕ್ಕಳು, ಕೆಲಸದವರು, ಬಂದುಹೋಗುವ ನೆಂಟರು ಎಲ್ಲರೂ ಅವರ ಚಿತ್ರಗಳಿಗೆ ರೂಪದರ್ಶಿಗಳಾಗುತ್ತಿದ್ದರು. ತಾಯಿಯ ಸಂಬಂಧಿ ಗ್ಯಾಬ್ರಿಯೆಲ್ ಎಂಬಾಕೆ ಬಾಲಕ ಝಾನ್‌ನನ್ನು ಎತ್ತಿ ಆಡಿಸಿದವಳು. ಗೊಂಬೆಯಾಟಕ್ಕೆ, ನಾಟಕಕ್ಕೆ, ಮೊದಲ ಸಿನಿಮಾಕ್ಕೆ ಅವನನ್ನು ಕರೆದೊಯ್ದವಳೂ ಅವಳೇ. ಅಭಿನಯದ ಮೇಲಿನ ಪ್ರೀತಿ ರೆನ್ವಾರ್ ಅವರಲ್ಲಿ ಬೇರೂರಿದ್ದು ಆ ದಿನಗಳಲ್ಲಿ.

ಮೊದಲ ಮಹಾಯುದ್ಧ ಶುರುವಾದಾಗ ಅವರು ಕುದುರೆ ಸೈನ್ಯದಲ್ಲಿದ್ದರು. ಬಳಿಕ ಪರ್ವತ ಪ್ರದೇಶದ ಪದಾತಿ ದಳಕ್ಕೆ ಸೇರಿ, 1915ರಲ್ಲಿ ಕಾಲಿಗೆ ಗುಂಡೇಟು ತಿಂದರು. ಅದರಿಂದ ಬಂದ ಕುಂಟು ನಡಿಗೆ ಬದುಕಿನುದ್ದಕ್ಕೂ ಉಳಿಯಿತು. ಚೇತರಿಸಿಕೊಳ್ಳುವ ಕಾಲದಲ್ಲಿ ಚಾಪ್ಲಿನ್ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರು. ಗುಣವಾದ ಮೇಲೆ ಮನೆಗೆ ಮರಳದೆ ವಾಯುಪಡೆಯ ವೀಕ್ಷಣಾ ವಿಮಾನಗಳಲ್ಲಿ ಹಾರಾಡಿದರು.

1919ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು. ಮುಂದಿನ ತಿಂಗಳು ತಂದೆಯ ಕೊನೆಯ ರೂಪದರ್ಶಿಯಾಗಿದ್ದ ಆಂದ್ರೆಯನ್ನು ಝಾನ್ ಮದುವೆಯಾದರು. ಸ್ವಲ್ಪ ಕಾಲ ಪಿಂಗಾಣಿ ಕೆಲಸ ಮಾಡಿದರೂ, ಹೆಂಡತಿಯನ್ನು ತೆರೆಯ ತಾರೆಯಾಗಿ ಕಾಣುವ ಆಸೆ ಅವರನ್ನು ಸಿನಿಮಾಕ್ಕೆ ಎಳೆಯಿತು. ಆಕೆ ಕ್ಯಾಥರೀನ್ ಹೆಸ್ಲಿಂಗ್ ಎಂಬ ಹೆಸರಿನಲ್ಲಿ ನಟಿಸಿದರು. ಎರಿಕ್ ಫಾನ್ ಸ್ಟ್ರೋಹೈಮ್ ಅವರ ‘ಫೂಲಿಷ್ ವೈವ್ಸ್’ ಚಿತ್ರ ರೆನ್ವಾರ್ ಅವರ ಕಣ್ಣು ತೆರೆಸಿತ್ತು. ಆ ಪ್ರಭಾವದಲ್ಲಿ ಎಮಿಲ್ ಜೋಲಾ ಅವರ ಕಾದಂಬರಿಯನ್ನು ಆಧರಿಸಿ 1926ರಲ್ಲಿ ‘ನಾನಾ’ ತಯಾರಾಯಿತು. ಖರ್ಚು ವಿಪರೀತವಾಯಿತು, ಗಳಿಕೆ ಬರಲಿಲ್ಲ. ಸಾಲ ತೀರಿಸಲು ತಂದೆಯಿಂದ ಬಂದ ವರ್ಣಚಿತ್ರಗಳನ್ನು ಮಾರಬೇಕಾಯಿತು.

ಫ್ರೆಂಚ್ ಸಿನಿಮಾಕ್ಕೆ ಮಾತು ಬಂದ ಮೇಲೆ ರೆನ್ವಾರ್ ಅವರ ನಿಜವಾದ ಕಾಲ ಆರಂಭವಾಯಿತು. 1931ರ ‘ಲಾ ಷಿಯೆನ್’ ಚಿತ್ರದಲ್ಲಿ ಬೀದಿಯ ಗದ್ದಲವನ್ನು ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ ಧ್ವನಿಮುದ್ರಿಸಿಕೊಂಡರು. ಮರುವರ್ಷದ ‘ಬೂದು’ ಚಿತ್ರದಲ್ಲಿ ನದಿಗೆ ಹಾರಿದ ಅಲೆಮಾರಿಯೊಬ್ಬನನ್ನು ಪುಸ್ತಕದಂಗಡಿಯವನು ಬದುಕಿಸಿ ಮನೆಗೆ ತರುತ್ತಾನೆ. ಅಲೆಮಾರಿ ಆ ಮನೆಯ ಶಿಸ್ತನ್ನೆಲ್ಲ ತಲೆಕೆಳಗು ಮಾಡುತ್ತಾನೆ. ಎರಡರಲ್ಲೂ ಮಿಶೆಲ್ ಸಿಮೋನ್ ಮುಖ್ಯ ನಟ. ಆ ಬಳಿಕ ಬಂದ ‘ತೋನಿ’ ದಕ್ಷಿಣ ಫ್ರಾನ್ಸಿಗೆ ಕೂಲಿಗಾಗಿ ಬಂದ ವಲಸೆಗಾರರ ಕಥೆ. ಅದನ್ನು ಸ್ಟುಡಿಯೋ ಬಿಟ್ಟು ಕಲ್ಲುಕ್ವಾರಿ, ದ್ರಾಕ್ಷಿತೋಟಗಳ ನಡುವೆಯೇ ಚಿತ್ರಿಸಲಾಯಿತು. ಇಟಲಿಯ ನವವಾಸ್ತವವಾದ ಮುಂದೆ ಹಿಡಿದ ದಾರಿಗೆ ಈ ಚಿತ್ರ ಮುನ್ನುಡಿ ಬರೆಯಿತು. 1936ರ ‘ಪಾರ್ತಿ ದ ಕಂಪಾನ್ಯ್’ ಮೊಪಾಸಾನ ಕಥೆಯ ರೂಪಾಂತರ. ಮಳೆ ಬಿಡದೆ ಸುರಿದು ಚಿತ್ರೀಕರಣ ಅರ್ಧಕ್ಕೇ ನಿಂತಿತು. ಸುಮಾರು 40 ನಿಮಿಷಗಳ ಆ ಚಿತ್ರ ತೆರೆ ಕಂಡದ್ದು 1946ರಲ್ಲಿ. ಅಂದು ಸಹಾಯಕರಾಗಿ ದುಡಿದವರಲ್ಲಿ ಜಾಕ್ ಬೆಕರ್, ಲುಕಿನೊ ವಿಸ್ಕೊಂತಿ ಮತ್ತು ಛಾಯಾಚಿತ್ರಕಾರ ಆಂರಿ ಕಾರ್ತಿಯೇ ಬ್ರೆಸ್ಸೋನ್ ಇದ್ದರು.

1937ರಲ್ಲಿ ಬಂದ ‘ಲಾ ಗ್ರಾಂದ್ ಇಲ್ಯೂಜಿಯೋಂ’ ರೆನ್ವಾರ್ ಹೆಸರನ್ನು ಜಗತ್ತಿಗೆ ಮುಟ್ಟಿಸಿತು. ಯುದ್ಧಕೈದಿಯಾಗಿ ಮತ್ತೆ ಮತ್ತೆ ತಪ್ಪಿಸಿಕೊಂಡಿದ್ದ ಪೈಲಟ್ ಗೆಳೆಯನೊಬ್ಬನ ಅನುಭವ ಕಥೆಗೆ ಬೀಜವಾಯಿತು. ಜರ್ಮನರ ಸೆರೆಯಲ್ಲಿರುವ ಫ್ರೆಂಚರಲ್ಲಿ ಒಬ್ಬ ಶ್ರೀಮಂತ ಮನೆತನದವನು, ಒಬ್ಬ ಮೆಕ್ಯಾನಿಕ್, ಒಬ್ಬ ಹಣವಂತ ಯಹೂದಿ. ಸೆರೆಯಲ್ಲಿಟ್ಟ ಜರ್ಮನ್ ಅಧಿಕಾರಿಯೂ ಶ್ರೀಮಂತ ಮನೆತನದವನೇ. ಆ ಪಾತ್ರ ಸ್ಟ್ರೋಹೈಮ್ ಅವರದ್ದು. ಶತ್ರು ದೇಶದವರಾದರೂ ಇಬ್ಬರು ಕುಲೀನರ ನಡುವೆ ಇರುವ ಸಲುಗೆ ಅವರವರ ಸೈನಿಕರೊಂದಿಗೆ ಅವರಿಗಿಲ್ಲ. ಮನುಷ್ಯರನ್ನು ದೇಶದ ಗಡಿಯಷ್ಟೇ ಅಲ್ಲ, ವರ್ಗದ ಗಡಿಯೂ ಬೇರ್ಪಡಿಸುತ್ತದೆ ಎಂಬುದನ್ನು ಯುದ್ಧಭೂಮಿಯ ಒಂದು ದೃಶ್ಯವೂ ಇಲ್ಲದೆ ಈ ಚಿತ್ರ ಹೇಳಿತು. ಅಮೆರಿಕದ ಆಸ್ಕರ್ ಪ್ರಶಸ್ತಿಯ ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಅನ್ಯಭಾಷಾ ಚಿತ್ರ ಇದೇ. ನಾಜಿ ಜರ್ಮನಿ ಇದನ್ನು ನಿಷೇಧಿಸಿತು. ಪ್ಯಾರಿಸ್ ನಾಜಿಗಳ ವಶವಾದಾಗ ಮೂಲ ನೆಗೆಟಿವ್ ಬರ್ಲಿನ್‌ಗೆ, ಯುದ್ಧ ಮುಗಿದ ಮೇಲೆ ಮಾಸ್ಕೋಗೆ ಹೋಗಿ, 1960ರ ದಶಕದಲ್ಲಿ ಫ್ರಾನ್ಸಿನ ತುಲೂಸ್ ನಗರದ ಚಿತ್ರಭಂಡಾರಕ್ಕೆ ಮರಳಿತು.

ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, 1939ರ ಜುಲೈನಲ್ಲಿ, ‘ಲಾ ರೇಗ್ಲ್ ದು ಜ್ಯೂ’ ಬಿಡುಗಡೆಯಾಯಿತು. ಹೆಸರಿನ ಅರ್ಥ ‘ಆಟದ ನಿಯಮ’. ಹಳ್ಳಿಯ ಬಂಗಲೆಯಲ್ಲಿ ಸೇರಿದ ಸಿರಿವಂತರ ಬೇಟೆ, ಪ್ರಣಯ, ಸುಳ್ಳು, ಕೊನೆಗೆ ಒಂದು ಸಾವು. ಮೇಲಂತಸ್ತಿನಲ್ಲಿ ಯಜಮಾನರು ಆಡಿದ ಆಟವನ್ನೇ ಕೆಳಗೆ ಅಡುಗೆಮನೆಯಲ್ಲಿ ಆಳುಗಳೂ ಆಡುತ್ತಾರೆ. ಮೊಲಗಳೂ ಹಕ್ಕಿಗಳೂ ಸಾಲುಸಾಲಾಗಿ ಬೀಳುವ ಬೇಟೆಯ ಭಾಗ, ಬರಲಿರುವ ಕೊಲೆಗಾಲದ ಸೂಚನೆಯಂತಿದೆ. ಆಕ್ತಾವ್ ಎಂಬ ಪಾತ್ರದಲ್ಲಿ ರೆನ್ವಾರ್ ತಾವೇ ನಟಿಸಿದರು. ಪ್ರತಿಯೊಬ್ಬನಿಗೂ ಅವನದೇ ಕಾರಣಗಳಿರುತ್ತವೆ, ಭಯ ಹುಟ್ಟಿಸುವುದು ಅದೇ ಎಂಬ ಅರ್ಥದ ಮಾತನ್ನು ಆ ಪಾತ್ರದ ಬಾಯಲ್ಲಿ ಆಡಿಸಿದರು. ಅವರ ಇಡೀ ಸಿನಿಮಾ ಬದುಕಿನ ಸಾರ ಆ ಮಾತಿನಲ್ಲಿದೆ.

ಈ ನೋಟಕ್ಕೆ ಒದಗುವ ತಂತ್ರವನ್ನೂ ಅವರು ರೂಪಿಸಿಕೊಂಡಿದ್ದರು. ದೃಶ್ಯವನ್ನು ತುಂಡು ತುಂಡು ಮಾಡದೆ ಕ್ಯಾಮೆರಾವನ್ನು ಕೋಣೆಯಿಂದ ಕೋಣೆಗೆ ಕೊಂಡೊಯ್ದರು. ಹತ್ತಿರದವರೂ ದೂರದವರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವಂತೆ ಚೌಕಟ್ಟು ಕಟ್ಟಿದರು. ಹೀಗಾಗಿ ಒಬ್ಬನನ್ನು ನಾಯಕನೆಂದೂ ಇನ್ನೊಬ್ಬನನ್ನು ಖಳನೆಂದೂ ಕ್ಯಾಮೆರಾ ಬೆರಳು ಮಾಡಿ ತೋರಿಸುವುದಿಲ್ಲ. ಯಾರನ್ನು ಗಮನಿಸಬೇಕು ಎಂಬ ಆಯ್ಕೆ ನೋಡುವವನಿಗೆ ಉಳಿಯುತ್ತದೆ.

ಪ್ಯಾರಿಸ್ ಪ್ರೇಕ್ಷಕರಿಗೆ ‘ಲಾ ರೇಗ್ಲ್ ದು ಜ್ಯೂ’ ಚಿತ್ರವನ್ನು ಸಹಿಸಲಾಗಲಿಲ್ಲ. ಒಬ್ಬಾತ ಪತ್ರಿಕೆಗೆ ಬೆಂಕಿ ಹಚ್ಚಿ ಚಿತ್ರಮಂದಿರವನ್ನೇ ಸುಡಲು ಹೊರಟಿದ್ದನ್ನು ರೆನ್ವಾರ್ ಮುಂದೆ ನೆನೆದಿದ್ದಾರೆ. ಚಿತ್ರವನ್ನು ಕತ್ತರಿಸಿ ಚಿಕ್ಕದು ಮಾಡಿದರೂ ಪ್ರಯೋಜನವಾಗಲಿಲ್ಲ. ಯುದ್ಧ ಆರಂಭವಾದ ಮೇಲೆ ಜನರ ಧೈರ್ಯಗೆಡಿಸುತ್ತದೆಂದು ಸರ್ಕಾರ ಅದನ್ನು ನಿಷೇಧಿಸಿತು. ಮೂಲ ನೆಗೆಟಿವ್ ಬಾಂಬ್ ದಾಳಿಯಲ್ಲಿ ನಾಶವಾಯಿತು. ಸಿಕ್ಕ ತುಣುಕುಗಳನ್ನೆಲ್ಲ ಜೋಡಿಸಿ, 1959ರಲ್ಲಿ ರೆನ್ವಾರ್ ಅವರ ಒಪ್ಪಿಗೆಯಿಂದ 106 ನಿಮಿಷಗಳ ಪ್ರತಿಯನ್ನು ಸಿದ್ಧಪಡಿಸಲಾಯಿತು. ಆಮೇಲೆ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಗಳಲ್ಲಿ ಅದರ ಸ್ಥಾನ ಭದ್ರವಾಯಿತು.

ಫ್ರಾನ್ಸ್ ಸೋತಾಗ, 1940ರಲ್ಲಿ, ರೆನ್ವಾರ್ ದೇಶ ಬಿಟ್ಟು ಅಮೆರಿಕ ಸೇರಿದರು. ಮುಂದೆ ಅಲ್ಲಿನ ಪೌರತ್ವ ಪಡೆದರು, ದಿದೊ ಫ್ರೈರೆ ಅವರನ್ನು ಮದುವೆಯಾದರು. ಹಾಲಿವುಡ್‌ನ ಸ್ಟುಡಿಯೋ ಪದ್ಧತಿ ಅವರಿಗೆ ಒಗ್ಗಲಿಲ್ಲ. ಆದರೂ ಬಡ ಹತ್ತಿ ಬೆಳೆಗಾರನ ಕುಟುಂಬವೊಂದರ ಒಂದು ವರ್ಷದ ಪಾಡನ್ನು ಹೇಳುವ 1945ರ ‘ದಿ ಸದರ್ನರ್’ ಅವರಿಗೆ ಅತ್ಯುತ್ತಮ ನಿರ್ದೇಶಕರ ಆಸ್ಕರ್ ನಾಮನಿರ್ದೇಶನ ತಂದಿತು.

ಬಳಿಕ ಅವರನ್ನು ಬಂಗಾಳ ಕರೆಯಿತು. ರೂಮರ್ ಗಾಡನ್ ಅವರ ‘ದಿ ರಿವರ್’ ಕಾದಂಬರಿಯನ್ನು ಚಿತ್ರವಾಗಿಸಲು ಅವರು 1949ರಲ್ಲಿ ಕಲ್ಕತ್ತೆಗೆ ಬಂದರು. ಆನೆ, ಹುಲಿಬೇಟೆಗಳಿಲ್ಲದ ಭಾರತದ ಕಥೆಗೆ ಹಾಲಿವುಡ್ ಹಣ ಹಾಕಲಿಲ್ಲ. ಬಂಡವಾಳ ಹೊಂದಿಸಿದವರು ಲಾಸ್ ಏಂಜಲೀಸ್‌ನಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ ಕೆನೆತ್ ಮೆಕೆಲ್ಡೌನಿ. ಹೂಗ್ಲಿ ನದಿಯ ದಡದಲ್ಲಿ ಟೆಕ್ನಿಕಲರ್‌ನಲ್ಲಿ ಚಿತ್ರೀಕರಣ ನಡೆಯಿತು. ಕ್ಯಾಮೆರಾ ಹಿಡಿದವರು ರೆನ್ವಾರ್ ಅವರ ಅಣ್ಣನ ಮಗ ಕ್ಲೋದ್. ಭರತನಾಟ್ಯ ಕಲಾವಿದೆ ರಾಧಾ ಒಂದು ಮುಖ್ಯ ಪಾತ್ರ ವಹಿಸಿದರು. ಮುಂದೆ ರಾಧಾ ಬರ್ನಿಯರ್ ಎಂಬ ಹೆಸರಿನಲ್ಲಿ ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ಅಧ್ಯಕ್ಷರಾದವರು ಇವರೇ.

ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಸತ್ಯಜಿತ್ ರಾಯ್ ರೆನ್ವಾರ್ ಅವರನ್ನು ಕಂಡು, ಚಿತ್ರೀಕರಣದ ಜಾಗ ಹುಡುಕುತ್ತ ಅವರ ಜೊತೆ ಸುತ್ತಿದರು. ‘ಪಥೇರ್ ಪಾಂಚಾಲಿ’ಯ ಯೋಚನೆಯನ್ನು ಮುಂದಿಟ್ಟಾಗ ರೆನ್ವಾರ್ ಹುರಿದುಂಬಿಸಿದರು. ಹಾಲಿವುಡ್ ಅನುಕರಣೆ ಬಿಟ್ಟು ನಿಮ್ಮ ನೆಲದ ಶೈಲಿ ಹುಡುಕಿಕೊಳ್ಳಿ ಎಂಬುದು ಅವರ ಸಲಹೆಯ ತಿರುಳು. ‘ದಿ ರಿವರ್’ ಚಿತ್ರದ ಕಲಾ ವಿಭಾಗದಲ್ಲಿ ದುಡಿದ ಬನ್ಸಿ ಚಂದ್ರಗುಪ್ತ, ಚಿತ್ರೀಕರಣವನ್ನು ಹತ್ತಿರದಿಂದ ನೋಡಿ ಕಲಿತ ಸುಬ್ರತ ಮಿತ್ರ ಇಬ್ಬರೂ 1955ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’ಯಲ್ಲಿ ರಾಯ್ ಅವರಿಗೆ ಹೆಗಲು ಕೊಟ್ಟರು. ‘ದಿ ರಿವರ್’ 1951ರ ವೆನಿಸ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆಯಿತು.

ಯೂರೋಪಿಗೆ ಮರಳಿ ಆನ್ನಾ ಮನ್ಯಾನಿ ನಟಿಸಿದ ‘ದಿ ಗೋಲ್ಡನ್ ಕೋಚ್’, ಹಳೆಯ ಪ್ಯಾರಿಸ್ಸಿನ ಕುಣಿತದ ಕಥೆ ‘ಫ್ರೆಂಚ್ ಕ್ಯಾನ್‌ಕ್ಯಾನ್’ ಮಾಡಿದರು. ವಿಮರ್ಶಕ ಆಂದ್ರೆ ಬಜಾನ್ ಮತ್ತು ಅವರ ಸುತ್ತ ಬೆಳೆದ ‘ಕಾಹಿಯೇ ದು ಸಿನೆಮಾ’ ಪತ್ರಿಕೆಯ ತರುಣರು ರೆನ್ವಾರ್ ಅವರನ್ನು ಗುರುವೆಂದು ಭಾವಿಸಿದರು. ಅವರಲ್ಲೊಬ್ಬರಾದ ಫ್ರಾನ್ಸ್ವಾ ತ್ರುಫೋ ತಮ್ಮ ನಿರ್ಮಾಣ ಸಂಸ್ಥೆಗೆ ‘ಗೋಲ್ಡನ್ ಕೋಚ್’ ಚಿತ್ರದ ನೆನಪಿನಲ್ಲೇ ಹೆಸರಿಟ್ಟರು. ಕೊನೆಯ ವರ್ಷಗಳಲ್ಲಿ ರೆನ್ವಾರ್ ಬರವಣಿಗೆಗೆ ತಿರುಗಿದರು. 1962ರಲ್ಲಿ ತಂದೆಯ ಜೀವನಚರಿತ್ರೆ, 1974ರಲ್ಲಿ ಆತ್ಮಕಥೆ ಹೊರಬಂದವು. 1975ರಲ್ಲಿ ಗೌರವ ಆಸ್ಕರ್ ಸಂದಿತು. 1979ರ ಫೆಬ್ರವರಿ 12ರಂದು ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡ ಅವರನ್ನು ಫ್ರಾನ್ಸಿನ ಎಸ್ವಾ ಹಳ್ಳಿಯಲ್ಲಿ ಮನೆಯವರ ಪಕ್ಕದಲ್ಲೇ ಸಮಾಧಿ ಮಾಡಲಾಯಿತು.

ಬಿಡುಗಡೆಯ ದಿನ ಸೋತ ಚಿತ್ರಗಳೂ ರೆನ್ವಾರ್ ಅವರನ್ನು ಮುಂದೆ ದೊಡ್ಡವರನ್ನಾಗಿ ಮಾಡಿದವು. ಎದುರಿಗಿರುವವನು ತಪ್ಪಿತಸ್ಥನಾದರೂ ಅವನನ್ನು ಅರ್ಥ ಮಾಡಿಕೊಳ್ಳದೆ ಬಿಡಬಾರದು ಎಂಬ ಹಟ ಅವರ ಪ್ರತಿ ಚಿತ್ರದಲ್ಲಿದೆ. ಸಿನಿಮಾವನ್ನು ಗಂಭೀರವಾಗಿ ಪ್ರೀತಿಸುವವರು ‘ಲಾ ಗ್ರಾಂದ್ ಇಲ್ಯೂಜಿಯೋಂ’, ‘ಆಟದ ನಿಯಮ’, ‘ದಿ ರಿವರ್’ ಈ ಮೂರನ್ನಾದರೂ ನೋಡಬೇಕು. ಮನುಷ್ಯನ ಬಗ್ಗೆ ಇಷ್ಟು ಔದಾರ್ಯದಿಂದ ಮಾತಾಡಿದ ನಿರ್ದೇಶಕರು ಸಿನಿಮಾ ಚರಿತ್ರೆಯಲ್ಲಿ ಬಹಳ ಮಂದಿ ಇಲ್ಲ.