ಹೇಳದೆ ಬಿಟ್ಟ ಮಾತು

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಳಸಿದ್ದೇವೆ. ಬಳಸುವ ಸಂದರ್ಭ ಮಾತ್ರ ಅಡುಗೆಮನೆಯದೂ ಅಲ್ಲ, ಬೆಟ್ಟದ ಕಾಡ್ಗಿಚ್ಚಿನದೂ ಅಲ್ಲ. ನೆರೆಮನೆಯವರ ಮೇಲೆ ಯಾವುದೋ ಅಪವಾದ ಹಬ್ಬಿರುತ್ತದೆ. ಅದು ನಿಜವಿರಲಾರದೆಂದು ಒಬ್ಬರು ಹೇಳುತ್ತಾರೆ. ಒಡನೆಯೇ ಇನ್ನೊಬ್ಬರು ಈ ಗಾದೆಯನ್ನು ಮುಂದಿಡುತ್ತಾರೆ. ಮಾತು ಅಲ್ಲಿಗೆ ಮುಗಿದುಹೋಗುತ್ತದೆ. ಹೊಗೆಗೂ ಬೆಂಕಿಗೂ ಇರುವ ನಂಟು ಅಪವಾದಕ್ಕೂ ಅಪರಾಧಕ್ಕೂ ಇದೆಯೆ ಎಂದು ಯಾರೂ ಕೇಳುವುದಿಲ್ಲ. ಅಪವಾದವನ್ನು ಹೊಟ್ಟೆಕಿಚ್ಚೂ ಹುಟ್ಟಿಸಬಲ್ಲುದು. ಅದೂ ಒಂದು ಬಗೆಯ ಕಿಚ್ಚೇ ಅಲ್ಲವೆ ಎಂದು ನೀವು ನಗೆಯಾಡಬಹುದು. ಆದರೆ ಅದು ಉರಿಯುವುದು ಅಪವಾದ ಹೊರಿಸಿದವನ ಮನೆಯಲ್ಲಿ.

ಹೀಗೆ ಒಂದು ವಾದದೊಳಗೆ ಹೇಳದೆ ಬಿಟ್ಟ ಮಾತನ್ನು ಹುಡುಕಿ ತೆಗೆಯುವುದು, ತೆಗೆದು ತೂಗಿ ನೋಡುವುದು ಈಗ ಒಂದು ಪರೀಕ್ಷೆಯ ವಿಷಯವಾಗಿದೆ. ಅಮೆರಿಕದಲ್ಲಿ ಕಾನೂನು ಕಾಲೇಜುಗಳ ಪ್ರವೇಶಕ್ಕೆ 1948ರಿಂದಲೂ, ವಾಣಿಜ್ಯಾಡಳಿತದ ಶಾಲೆಗಳ ಪ್ರವೇಶಕ್ಕೆ 1954ರಿಂದಲೂ ಪರೀಕ್ಷೆಗಳು ನಡೆಯುತ್ತಿವೆ. ವಾದವನ್ನು ವಿಮರ್ಶಿಸುವ ಪ್ರಶ್ನೆಗಳಿಗೆ ಇಂದು ಆ ಎರಡರಲ್ಲಿಯೂ ದೊಡ್ಡ ಸ್ಥಾನವಿದೆ. ನಮ್ಮಲ್ಲಿ ಕೇಂದ್ರ ಲೋಕಸೇವಾ ಆಯೋಗ 2011ರಲ್ಲಿ ತನ್ನ ಪೂರ್ವಭಾವಿ ಪರೀಕ್ಷೆಗೆ ಇಂಥ ಪ್ರಶ್ನೆಗಳಿರುವ ಎರಡನೆಯ ಪತ್ರಿಕೆಯನ್ನು ಸೇರಿಸಿತು. 2015ರಿಂದ ಅದರಲ್ಲಿ ನೂರಕ್ಕೆ 33 ಅಂಕ ಬಂದರೆ ಸಾಕೆಂದಾಯಿತು. ಬಾರದಿದ್ದರೆ ಮೊದಲ ಪತ್ರಿಕೆಯನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ಆ ವರ್ಷದ ಬಾಗಿಲು ಮುಚ್ಚಿದಂತೆಯೇ. ತಪ್ಪು ಉತ್ತರಕ್ಕೆ ಮೂರನೆಯ ಒಂದು ಪಾಲು ಅಂಕ ಕಳೆಯುತ್ತಾರೆ. ಆದ್ದರಿಂದ ಇದು ಪಂಡಿತರ ಕಾಲಕ್ಷೇಪದ ವಿಷಯವಲ್ಲ. ಹಳ್ಳಿಯಿಂದ ಬಂದು ಕೊಠಡಿಯೊಂದನ್ನು ಬಾಡಿಗೆಗೆ ಹಿಡಿದು ಮೂರು ನಾಲ್ಕು ವರ್ಷ ಓದುವ ಮಕ್ಕಳ ಅನ್ನದ ವಿಷಯ.

ನಾನು ತರ್ಕಶಾಸ್ತ್ರಜ್ಞನಲ್ಲ, ಕನ್ನಡದ ಅಧ್ಯಾಪಕನಾಗಿದ್ದವನು. ಆದರೂ ನಿವೃತ್ತನಾದ ಮೇಲೆ ಕೆಲವು ಹುಡುಗ ಹುಡುಗಿಯರು ಸಂಜೆಯ ಹೊತ್ತು ಈ ಪ್ರಶ್ನೆಗಳನ್ನು ಹಿಡಿದುಕೊಂಡು ಬರುತ್ತಾರೆ. “ಸರ್, ನಾಲ್ಕು ಉತ್ತರವೂ ಸರಿ ಅನ್ನಿಸುತ್ತಲ್ಲ, ಯಾವುದನ್ನು ಗುರುತು ಹಾಕಲಿ?” ಎನ್ನುವುದು ಅವರ ಸಾಮಾನ್ಯವಾದ ಅಳಲು. “ನಾಲ್ಕೂ ಸರಿಯೇ ಇರಬಹುದಮ್ಮ, ಆದರೆ ಕೇಳಿದ್ದು ಯಾವುದು ಸರಿ ಎಂದಲ್ಲವಲ್ಲ” ಎನ್ನುವುದು ನನ್ನ ಸಾಮಾನ್ಯವಾದ ಉತ್ತರ. ಲೋಕದಲ್ಲಿ ಸತ್ಯವಾದ ಮಾತು ಬೇರೆ, ಈ ವಾದಕ್ಕೆ ಬೇಕಾದ ಮಾತು ಬೇರೆ. ಒಂದು ಉದಾಹರಣೆಯನ್ನು ನಾನೇ ಕಟ್ಟಿ ಹೇಳುತ್ತೇನೆ.

ಒಂದು ಊರಿನ ಗ್ರಂಥಾಲಯದಿಂದ ಈ ವರ್ಷ ಪುಸ್ತಕ ಎರವಲು ಪಡೆದವರ ಸಂಖ್ಯೆ ಹೋದ ವರ್ಷಕ್ಕಿಂತ ಕಡಿಮೆ. ಆದ್ದರಿಂದ ಆ ಊರಿನಲ್ಲಿ ಓದುವ ಅಭ್ಯಾಸ ಕುಗ್ಗಿದೆ. ಈ ವಾದ ಯಾವ ಗ್ರಹಿಕೆಯ ಮೇಲೆ ನಿಂತಿದೆ? ಉತ್ತರಗಳು ಇವು: ಓದುವ ಅಭ್ಯಾಸ ಸಮಾಜಕ್ಕೆ ಹಿತಕರ. ದೂರದರ್ಶನ ಮತ್ತು ದೂರವಾಣಿಗಳು ಓದುವವರನ್ನು ಸೆಳೆದುಕೊಂಡಿವೆ. ಆ ಊರಿನವರೆಲ್ಲರೂ ಗ್ರಂಥಾಲಯದ ಪುಸ್ತಕಗಳನ್ನು ಮಾತ್ರ ಓದುತ್ತಾರೆ. ಎರವಲು ಬಿಟ್ಟವರಲ್ಲಿ ಬಹುಪಾಲು ಜನ ಬೇರೆ ಕಡೆಯಿಂದ ಪುಸ್ತಕ ತಂದು ಓದುತ್ತಿಲ್ಲ.

ಮೊದಲನೆಯದನ್ನು ಒಪ್ಪದವರಿಲ್ಲ, ಈ ವಾದಕ್ಕೆ ಅದು ಬೇಕಾಗಿಲ್ಲ. ಎರಡನೆಯದು ಕುಗ್ಗಿದ್ದೇಕೆಂದು ಹೇಳುತ್ತದೆ; ಕುಗ್ಗಿದೆಯೆ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಜಾಣ ವಿದ್ಯಾರ್ಥಿಗಳೂ ಜಾರುವುದು ಮೂರನೆಯದರಲ್ಲಿ. ಅದನ್ನು ಅಲ್ಲಗಳೆದು ನೋಡಿ: ಎಲ್ಲರೂ ಅಲ್ಲ, ಊರಿನ ಹತ್ತು ಜನ ಪುಸ್ತಕ ಕೊಂಡು ಓದುತ್ತಾರೆ ಎಂದಿಟ್ಟುಕೊಳ್ಳಿ. ವಾದವೇನೂ ಬೀಳಲಿಲ್ಲ. ಈಗ ನಾಲ್ಕನೆಯದನ್ನು ಅಲ್ಲಗಳೆಯಿರಿ: ಎರವಲು ಬಿಟ್ಟವರಲ್ಲಿ ಬಹುಪಾಲು ಜನ ಬೇರೆ ಕಡೆಯಿಂದ ತಂದು ಓದುತ್ತಿದ್ದಾರೆ. ವಾದದ ಬುಡವೇ ಹೋಯಿತು. ಯಾವ ಕಂಬವನ್ನು ಕಿತ್ತರೆ ಚಪ್ಪರ ಬೀಳುತ್ತದೆಯೋ ಅದೇ ಚಪ್ಪರವನ್ನು ಹೊತ್ತಿದ್ದ ಕಂಬ. ಇದೇ ವಾದವನ್ನು ದುರ್ಬಲಗೊಳಿಸುವ ಸಂಗತಿ ಯಾವುದೆಂದು ಕೇಳಿದರೆ, ಗ್ರಂಥಾಲಯ ದುರಸ್ತಿಗಾಗಿ ಮೂರು ತಿಂಗಳು ಮುಚ್ಚಿತ್ತು ಎಂಬುದು ಸಾಕು. ಬಲಪಡಿಸುವುದು ಯಾವುದೆಂದರೆ, ಊರಿನ ಪುಸ್ತಕದಂಗಡಿಯ ವ್ಯಾಪಾರವೂ ಇಳಿದಿದೆ ಎಂಬುದು.

ಇದು ಪಶ್ಚಿಮದಿಂದ ಬಂದ ಹೊಸ ವಿದ್ಯೆಯೆಂದು ನಮ್ಮ ಮಕ್ಕಳು ಅಂಜುತ್ತಾರೆ. ಅಂಜಬೇಕಾದ ಕಾರಣವಿಲ್ಲ. ನ್ಯಾಯಸೂತ್ರಕಾರನಾದ ಗೌತಮ ಒಂದು ಅನುಮಾನವನ್ನು ಇತರರಿಗೆ ಹೇಳುವಾಗ ಐದು ಅವಯವಗಳಿರಬೇಕೆಂದು ವಿಧಿಸಿದ್ದಾನೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಎಲ್ಲೆಲ್ಲಿ ಹೊಗೆಯಿದೆಯೋ ಅಲ್ಲಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಉಳಿದೆರಡು ಅದನ್ನು ಮರಳಿ ಬೆಟ್ಟಕ್ಕೆ ತಂದು ಕೂಡಿಸುತ್ತವೆ. ಪರೀಕ್ಷೆಯ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲೆರಡು ಅವಯವಗಳೇ. ಮೂರನೆಯದನ್ನು, ಅಂದರೆ ವ್ಯಾಪ್ತಿಯನ್ನು, ಬಚ್ಚಿಟ್ಟು ಹುಡುಕು ಎನ್ನುತ್ತಾರೆ. ಭಾಷಣ ಮಾಡುವವನು ಎಲ್ಲ ಮೆಟ್ಟಿಲುಗಳನ್ನೂ ಹೇಳಬೇಕಾಗಿಲ್ಲ, ತಿಳಿದ ಮಾತನ್ನು ಕೇಳುವವನೇ ಸೇರಿಸಿಕೊಳ್ಳುತ್ತಾನೆ ಎಂದು ಗ್ರೀಸಿನ ಅರಿಸ್ಟಾಟಲನು ತನ್ನ ಭಾಷಣಕಲೆಯ ಗ್ರಂಥದಲ್ಲಿ ಗುರುತಿಸಿದ್ದಾನೆ. ಕೇಳುವವನು ಪರೀಕ್ಷಿಸದೆ ಸೇರಿಸಿಕೊಳ್ಳುತ್ತಾನೆ ಎಂಬುದೇ ಭಾಷಣಕಾರನ ಭಾಗ್ಯ. ನಮ್ಮ ನೈಯಾಯಿಕರು ಅದನ್ನು ಬಾಯಿಬಿಟ್ಟು ಹೇಳೆಂದು ಕಟ್ಟು ಹಾಕಿದರು. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ರಾಷ್ಟ್ರೀಯ ಪರೀಕ್ಷೆಯ ಮೊದಲ ಪತ್ರಿಕೆಗೆ 2019ರಿಂದ ವ್ಯಾಪ್ತಿ, ಹೇತ್ವಾಭಾಸಗಳೂ ಪಾಠವಾಗಿರುವುದು ನನಗೆ ಸಂತೋಷ ಕೊಟ್ಟಿದೆ. ಹೆಸರುಗಳನ್ನು ಉರುಹೊಡೆಸಿ ಬಿಟ್ಟುಬಿಡದಿದ್ದರೆ ಇನ್ನೂ ಸಂತೋಷ.

ಅಪೂರ್ಣವಾದ ವಾದವನ್ನು ಪೂರ್ಣಗೊಳಿಸುವ ಪ್ರಶ್ನೆಗೂ ಹಳೆಯ ಹೆಸರೊಂದಿದೆ, ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ; ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಮೀಮಾಂಸಕರು ಇದನ್ನು ಸ್ವತಂತ್ರ ಪ್ರಮಾಣವೆಂದರು. ನೈಯಾಯಿಕರು ಅನುಮಾನದೊಳಗೇ ಅಡಗಿಸಿದರು. ಆ ಜಗಳ ನಮಗೆ ಬೇಡ. ಪರೀಕ್ಷೆ ಬರೆಯುವವನು ಗಮನಿಸಬೇಕಾದದ್ದು, ರಾತ್ರಿ ಉಣ್ಣುತ್ತಾನೆ ಎಂಬಷ್ಟೇ ಇಲ್ಲಿ ಸಿದ್ಧವಾಯಿತು. ರಾತ್ರಿ ಎರಡು ಸಲ ಉಣ್ಣುತ್ತಾನೆ, ಕದ್ದು ಉಣ್ಣುತ್ತಾನೆ, ವ್ರತವೆಂದು ಸುಳ್ಳು ಹೇಳುತ್ತಾನೆ ಎಂಬ ಉತ್ತರಗಳೂ ಪಕ್ಕದಲ್ಲಿ ಕುಳಿತಿರುತ್ತವೆ. ಅವು ರುಚಿಕರವಾಗಿಯೂ ಇರುತ್ತವೆ. ಆ ರಾತ್ರಿಯೂಟದ ತೀರ್ಮಾನ ಕೂಡ, ದಪ್ಪವಾಗಿರುವುದು ಊಟದಿಂದಲೇ ಎಂದು ಒಪ್ಪಿದ ಮೇಲಿನ ಮಾತು. ರೋಗದಿಂದ ಮೈ ಊದಿಕೊಂಡಿದ್ದರೆ?

ಕಾವ್ಯವನ್ನು ಪಾಠ ಹೇಳಿದವನಿಗೆ ಇಲ್ಲಿ ಇನ್ನೊಂದು ನೆನಪಾಗುತ್ತದೆ. ಕವಿಯೂ ಮಾತನ್ನು ಹೇಳದೆ ಬಿಡುತ್ತಾನೆ. ಆನಂದವರ್ಧನ ಅದನ್ನು ಧ್ವನಿ ಎಂದ. ಮುಂದೆ ಮಹಿಮಭಟ್ಟ ‘ವ್ಯಕ್ತಿವಿವೇಕ’ವನ್ನು ಬರೆದು, ಧ್ವನಿ ಎಂಬುದು ಬೇರೆಯಿಲ್ಲ, ಅದೂ ಅನುಮಾನವೇ ಎಂದು ವಾದಿಸಿದ. ಆಲಂಕಾರಿಕರ ಲೋಕ ಅವನನ್ನು ಒಪ್ಪಲಿಲ್ಲ. ಒಪ್ಪದಿದ್ದುದು ಸರಿಯೆಂದೇ ನನ್ನ ಎಣಿಕೆ. ಕವಿ ಬಿಟ್ಟದ್ದನ್ನು ಓದುಗರು ಹಲವು ಬಗೆಯಲ್ಲಿ ತುಂಬಿಕೊಂಡಷ್ಟೂ ಕಾವ್ಯಕ್ಕೆ ಲಾಭ. ವಾದದಲ್ಲಿ ಒಂದು ಕೂದಲೆಳೆ ಹೆಚ್ಚು ತುಂಬಿದರೂ ನಷ್ಟ. ಕಾವ್ಯವನ್ನು ಚೆನ್ನಾಗಿ ಓದುವ ಕೆಲವು ಮಕ್ಕಳು ಈ ಪರೀಕ್ಷೆಯಲ್ಲಿ ಎಡವುವುದನ್ನು ಕಂಡಿದ್ದೇನೆ. ಅವರು ಬುದ್ಧಿಹೀನರೆಂದಲ್ಲ, ಧಾರಾಳಿಗಳೆಂದು.

ಪರೀಕ್ಷೆಯ ಹೊರಗೆ ಈ ವಿವೇಚನೆಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯ ಕಥೆಯನ್ನು ಹೇಳಬೇಕು. ಅಲ್ಲಿ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ಬಾಣಂತಿಜ್ವರದಿಂದ ಸತ್ತವರು ನೂರಕ್ಕೆ 11ಕ್ಕೂ ಹೆಚ್ಚು. ಎರಡನೆಯದರಲ್ಲಿ 3ಕ್ಕೂ ಕಡಿಮೆ. ಮೊದಲನೆಯದಕ್ಕೆ ಸೇರಿಸಬೇಡಿರೆಂದು ಹೆಂಗಸರು ಕೈಮುಗಿದು ಬೇಡುತ್ತಿದ್ದರು. ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ, ಜನ ಕೊಡುತ್ತಿದ್ದ ಕಾರಣಗಳನ್ನು ಒಂದೊಂದಾಗಿ ತೂಗಿದ. ಕೆಟ್ಟ ಗಾಳಿಯೆಂದರು, ಎರಡೂ ವಿಭಾಗಗಳು ಒತ್ತಿನಲ್ಲೇ ಇದ್ದವು, ಗಾಳಿ ಒಂದೇ. ಜನಸಂದಣಿಯೆಂದರು, ಎರಡನೆಯದರಲ್ಲೇ ಸಂದಣಿ ಹೆಚ್ಚು. ಸಾಯುವವರಿಗೆ ಕೊನೆಯ ಸಂಸ್ಕಾರ ನೀಡಲು ಪಾದ್ರಿ ಗಂಟೆಯ ಸದ್ದಿನೊಡನೆ ಮೊದಲ ವಿಭಾಗವನ್ನು ಹಾದುಹೋಗುತ್ತಿದ್ದ, ಆ ಭಯದಿಂದಲೇ ಜ್ವರ ಎಂದರು; ಗಂಟೆ ನಿಂತಿತು, ಪಾದ್ರಿಯ ದಾರಿ ಬದಲಾಯಿತು, ಸಾವು ನಿಲ್ಲಲಿಲ್ಲ. 1847ರ ಮಾರ್ಚಿಯಲ್ಲಿ ಕೊಲೆಚ್ಕ ಎಂಬ ಪ್ರಾಧ್ಯಾಪಕನಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ತಗುಲಿತು; ಅವನು ಅದೇ ಜ್ವರದ ಲಕ್ಷಣಗಳಿಂದ ತೀರಿಕೊಂಡ. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಆ ಪಾಠವಿರಲಿಲ್ಲ. ಮೇ ತಿಂಗಳ ನಡುವಿನಿಂದ ಸುಣ್ಣ ಮತ್ತು ಕ್ಲೋರಿನ್ ಸೇರಿದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಡ್ಡಾಯಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18 ಇದ್ದ ಸಾವು ಜೂನಿನಲ್ಲಿ ಎರಡರ ಆಸುಪಾಸಿಗೆ ಇಳಿಯಿತು.

ಇಲ್ಲಿಗೆ ಕಥೆ ಮುಗಿಸುವುದು ರೂಢಿ. ತರ್ಕದ ದೃಷ್ಟಿಯಿಂದ ಸ್ವಾರಸ್ಯವಿರುವುದು ಮುಂದೆ. ಶವದ ಕಣಗಳೇ ಕಾರಣವಾಗಿದ್ದರೆ ಕೈ ತೊಳೆದಾಗ ಸಾವು ಇಳಿಯಬೇಕು, ಇಳಿಯಿತು, ಆದ್ದರಿಂದ ಶವದ ಕಣಗಳೇ ಕಾರಣ. ಈ ವಾದ ಪೂರ್ಣವಲ್ಲ. ಆ ನೀರು ಶವದ ಕಣಗಳನ್ನಷ್ಟೇ ತೊಳೆಯಿತೆಂದು ಹೇಳದೆಯೇ ಒಪ್ಪಿಬಿಟ್ಟಿದ್ದೇವೆ. ಅದೇ ವರ್ಷ, ಕೀವು ಸೋರುವ ಅರ್ಬುದವಿದ್ದ ಜೀವಂತ ಹೆಂಗಸೊಬ್ಬಳನ್ನು ಮುಟ್ಟಿ, ನಡುವೆ ಆ ನೀರಿನಲ್ಲಿ ಕೈ ತೊಳೆಯದೆ, ಇನ್ನು ಹನ್ನೆರಡು ಜನರನ್ನು ಪರೀಕ್ಷಿಸಿದರು. ಹನ್ನೊಂದು ಜನ ಸತ್ತರು. ಶವವೇ ಬೇಕಾಗಿಲ್ಲ, ಕೊಳೆತದ್ದು ಯಾವುದಾದರೂ ಸಾಕು ಎಂದು ಸೆಮ್ಮೆಲ್‌ವೈಸ್ ತನ್ನ ತೀರ್ಮಾನವನ್ನು ತಿದ್ದಿಕೊಂಡ. ನಮ್ಮ ತಾರ್ಕಿಕರಾದರೆ ಇದನ್ನು ಉಪಾಧಿಯ ಶೋಧ ಎನ್ನುತ್ತಿದ್ದರು. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂದು ಯಾರಾದರೂ ಹೇಳಿದರೆ, ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಹೊಗೆಗೆ ಬರಿಯ ಬೆಂಕಿ ಸಾಲದು, ಹಸಿ ಸೌದೆಯೂ ಬೇಕು. ಆ ಹಸಿ ಸೌದೆಯೇ ಉಪಾಧಿ.

ಇನ್ನು ಪರೀಕ್ಷೆಯ ಬಗೆಗೆ ನನಗಿರುವ ಒಂದು ಆಕ್ಷೇಪವನ್ನೂ ಹೇಳಬೇಕು. ಕೊಟ್ಟ ಹೇಳಿಕೆಗಳನ್ನು ಸತ್ಯವೆಂದು ಭಾವಿಸಿ ಎಂಬ ಸೂಚನೆ ಎಷ್ಟೋ ಪ್ರಶ್ನೆಗಳ ತಲೆಯ ಮೇಲಿರುತ್ತದೆ. ಅಭ್ಯಾಸಕ್ಕೆ ಅದು ಅವಶ್ಯವೇ. ಆದರೆ ನಾಳೆ ಅಧಿಕಾರಿಯಾಗಿ ಕುಳಿತವನ ಮುಂದೆ ಬರುವ ಕಡತಗಳ ಮೇಲೆ ಆ ಸೂಚನೆ ಇರುವುದಿಲ್ಲ. ಆ ಅಂಕಿಯನ್ನು ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು ಅವನು ಕೇಳಬೇಕು. ವಿಯೆನ್ನಾದಲ್ಲಿ ಯಾರೋ ಎರಡು ವಿಭಾಗಗಳ ಸಾವುಗಳನ್ನು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದಲೇ ಆ ತರುಣನ ತರ್ಕಕ್ಕೆ ನಿಲ್ಲಲು ನೆಲ ಸಿಕ್ಕಿತು.

ಕೊನೆಯದಾಗಿ ಭಾಷೆಯ ಮಾತು. ಅಣ್ಣ ಬಂದರೆ ನಾನು ಹೊರಡುತ್ತೇನೆ. ಅಣ್ಣ ಬಂದರೇ ನಾನು ಹೊರಡುವುದು. ಅಣ್ಣ ಬಂದರೂ ನಾನು ಹೊರಡುತ್ತೇನೆ. ಮೊದಲನೆಯದರಲ್ಲಿ ಅಣ್ಣ ಬರುವುದು ಸಾಕು. ಬಾರದಿದ್ದರೇನು ಮಾಡುವೆನೆಂದು ಹೇಳಿಲ್ಲ. ಎರಡನೆಯದರಲ್ಲಿ ಅಣ್ಣ ಬರುವುದು ಬೇಕೇ ಬೇಕು. ಮೂರನೆಯದರಲ್ಲಿ ಅಣ್ಣ ಬಂದದ್ದು ನನ್ನ ಪ್ರಯಾಣಕ್ಕೆ ತಡೆಯಲ್ಲ. ಸಾಕು, ಬೇಕು, ತಡೆಯಿಲ್ಲ ಎಂಬ ಈ ಮೂರರ ಭೇದವನ್ನು ಕಲಿಸಲು ತರ್ಕದ ಪುಸ್ತಕಗಳು ಅಧ್ಯಾಯಗಳನ್ನೇ ಮೀಸಲಿಡುತ್ತವೆ. ನಮ್ಮ ಭಾಷೆ ಒಂದು ಸ್ವರದಲ್ಲಿ ಮುಗಿಸುತ್ತದೆ. ಅಚ್ಚುಮೊಳೆ ಜೋಡಿಸುವವನು ಆ ದೀರ್ಘವನ್ನು ಮರೆತರೆ ಪ್ರಶ್ನೆಯ ಉತ್ತರವೇ ಬದಲಾಗಿಬಿಡುತ್ತದೆ.

ಕನ್ನಡದಲ್ಲಿ ಕಷ್ಟಗಳೂ ಇವೆ. ಎಲ್ಲ ಅಭ್ಯರ್ಥಿಗಳೂ ಉತ್ತೀರ್ಣರಾಗಲಿಲ್ಲ ಎಂದರೆ ಒಬ್ಬರೂ ಆಗಲಿಲ್ಲವೆಂದೋ, ಆಗದವರೂ ಇದ್ದರೆಂದೋ? ಮಾತಿನಲ್ಲಿ ದನಿ ತಿಳಿಸುತ್ತದೆ, ಕಾಗದಕ್ಕೆ ದನಿಯಿಲ್ಲ. ಕೆಲವರು ಬಂದರು ಎಂದರೆ ನಮ್ಮ ಕಿವಿಗೆ ಎಲ್ಲರೂ ಬರಲಿಲ್ಲವೆಂದೇ ಕೇಳಿಸುತ್ತದೆ. ತರ್ಕದ ‘ಕೆಲವರು’ ಎಲ್ಲರೂ ಆಗಿರಬಹುದು. ಇವನ್ನು ನಿಸ್ಸಂದಿಗ್ಧವಾಗಿ ಹೇಳುವ ದಾರಿಗಳು ಕನ್ನಡದಲ್ಲಿ ಉಂಟು. ಬರೆಯುವವನಿಗೆ ಕನ್ನಡ ಬರಬೇಕು, ಅಷ್ಟೇ. ಕೇಂದ್ರದ ಪೂರ್ವಭಾವಿ ಪರೀಕ್ಷೆಯ ಪತ್ರಿಕೆ ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ; ಕನ್ನಡದಲ್ಲಿ ಯೋಚಿಸುವ ಹುಡುಗಿಯ ತರ್ಕವನ್ನು ಅಳೆಯುವ ಮೊದಲು ಅದು ಅವಳ ಪರಭಾಷಾಜ್ಞಾನವನ್ನು ಅಳೆದುಬಿಡುತ್ತದೆ. ನಮ್ಮ ರಾಜ್ಯದ ಲೋಕಸೇವಾ ಆಯೋಗ ಕನ್ನಡದಲ್ಲಿ ಪತ್ರಿಕೆ ಕೊಡುತ್ತದೆ. ಆದರೆ 2024ರ ಆಗಸ್ಟ್ 27ರಂದು ನಡೆದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಅದರ ಅನುವಾದದ ಮೇಲೂ ದೂರುಗಳು ಬಂದವು. ಇಂಗ್ಲಿಷಿನಲ್ಲಿ ಹುಟ್ಟಿದ ವಾದವನ್ನು ಕನ್ನಡಕ್ಕೆ ಎಳೆತರುವಾಗ ಮೊದಲು ಮುರಿಯುವುದು ಅದರ ಕೀಲುಗಳೇ, ‘ಮಾತ್ರ’, ‘ಹೊರತು’, ‘ಆದರೂ’ ಎಂಬ ಸಣ್ಣ ಮಾತುಗಳು. ಒಂದು ವರ್ಷವಾದರೂ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ರಚಿಸಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಲಿ. ‘ಬಂದರೇ’ ಎಂಬುದನ್ನು ಏನೆಂದು ತಿರುಗಿಸುವುದು ಎಂಬ ಚಿಂತೆ ಆಗ ಇಂಗ್ಲಿಷಿನವರ ಪಾಲಿಗಿರುತ್ತದೆ.