ಇಂದ್ರಭುವನವನ್ನು ತಲೆ ಎತ್ತಿ ನೋಡ್ರಿ



ಮನೆಪಟ್ಟಿ ಕಟ್ಟಲಿಕ್ಕೆ, ಜನನ ದಾಖಲೆ ತರಲಿಕ್ಕೆ ನಮ್ಮಲ್ಲಿ ಭಾಳ ಮಂದಿ ಸೊಲ್ಲಾಪುರ ಮಹಾನಗರಪಾಲಿಕೆಗೆ ಹೋಗಿ ಬಂದವರೇ. ಆದರೆ ಅಲ್ಲಿ ತಲೆ ಎತ್ತಿ ಕಟ್ಟಡ ನೋಡಿದವರು ಎಷ್ಟು ಮಂದಿ ಅದೀವ್ರಿ?

ಇಂದ್ರಭುವನ ಸರಕಾರ ಕಟ್ಟಿಸಿದ ಕಚೇರಿ ಅಲ್ಲ, ಅದೊಂದು ಮನೆ. 20ನೇ ಶತಮಾನದ ಆರಂಭದಲ್ಲಿ ವೀರಶೈವ ವ್ಯಾಪಾರಿ ಅಪ್ಪಾಸಾಹೇಬ ವಾರದ, ಅಂದರೆ ಮಲ್ಲಪ್ಪ ಬಸಪ್ಪ ವಾರದ, ಇದನ್ನು ಕಟ್ಟಿಸಿದರು. ಸಾಲು ಕಮಾನು, ಕೆತ್ತಿದ ಕಂಬ, ಕಲ್ಲಿನ ಮೂರ್ತಿ: ವಿಲಾಯತಿ ಮಾದರಿಯೂ ನಮ್ಮ ಶಿಲ್ಪವೂ ಅಲ್ಲಿ ಒಂದೇ ಗೋಡೆಯಲ್ಲಿ ಕೂಡಿ ನಿಂತಾವ. 1964ರಲ್ಲಿ ಸೊಲ್ಲಾಪುರ ಮಹಾನಗರಪಾಲಿಕೆ ಆಯಿತು. ಒಬ್ಬ ವ್ಯಾಪಾರಿಯ ವೈಭವದ ಮನೆ ಇಡೀ ಊರಿನ ಮನೆಯಾಯಿತು.

12ನೇ ಶತಮಾನದಲ್ಲಿ ಸಿದ್ಧರಾಮ ಇದೇ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ಬರೆದ. ಕೆರೆಯ ನೀರು ಭಾಷೆ ಕೇಳಲಿಲ್ಲ. ಇಂದ್ರಭುವನದ ಬಾಗಿಲೂ ಮರಾಠಿ, ತೆಲುಗು, ಉರ್ದು, ಕನ್ನಡ ಎಲ್ಲರಿಗೂ ತೆರೆದದ.

ನಮ್ಮ ಬೇಡಿಕೆ ಸಣ್ಣದು. ಯಾವ ಭಾಷೆಯನ್ನೂ ತೆಗೀರಿ ಅನ್ನೂದಿಲ್ಲ. ಈ ಕಟ್ಟಡದ ಕಥೆ ಹೇಳುವ ಫಲಕದಲ್ಲಿ ಮರಾಠಿಯ ಪಕ್ಕ ಕನ್ನಡದ ನಾಲ್ಕು ಸಾಲೂ ಇರಲಿ. ಅಲ್ಲಿತನಕ ನಿಮ್ಮ ಮಕ್ಕಳನ್ನು ಒಮ್ಮೆ ಕರಕೊಂಡು ಹೋಗ್ರಿ, ಕಟ್ಟಿಸಿದವರ ಹೆಸರು ಕನ್ನಡದಾಗ ಹೇಳ್ರಿ.