ಕ್ರೂಸ್ ಕಂಟ್ರೋಲ್: ಚಾಲಕ ಬಂಧುಗಳೊಡನೆ ನಾಲ್ಕು ಮಾತು
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ತಿಂಗಳು ಯಾವ ವಿಷಯದ ಮೇಲೆ ಮಾತನಾಡುತ್ತೀರಿ ಎಂದು ಕಾರ್ಯದರ್ಶಿಗಳು ಕೇಳಿದಾಗ ‘ಕ್ರೂಸ್ ಕಂಟ್ರೋಲ್’ ಎಂದೆವು. ಅವರು ತುಸು ಯೋಚಿಸಿ, “ಅದು ಹಡಗಿನವರ ವಿಷಯವಲ್ಲವೇ?” ಎಂದರು. ಹಡಗಿನದಲ್ಲ, ನಮ್ಮದೇ. ಇಲ್ಲಿ ಕುಳಿತವರಲ್ಲಿ ಬಹುಮಂದಿ ಸ್ಟಿಯರಿಂಗ್ ಹಿಡಿದು ಹೊಟ್ಟೆ ಹೊರೆಯುವವರು. ಕೆಲವರದು ಟ್ಯಾಕ್ಸಿ, ಕೆಲವರದು ಟೂರಿಸ್ಟ್ ಗಾಡಿ, ಕೆಲವರದು ಸೇಠರ ಮನೆಯ ಕಾರು. ಈಚಿನ ಗಾಡಿಗಳ ಸ್ಟಿಯರಿಂಗಿನ ಮೇಲೆಯೇ ಈ ಗುಂಡಿಗಳು ಬಂದು ಕುಳಿತಿವೆ. ಅವನ್ನು ಮುಟ್ಟಲು ಅಂಜುವವರೂ ನಮ್ಮಲ್ಲಿದ್ದಾರೆ. ಒತ್ತಿ ಕಾಲು ಮಡಿಸಿಕೊಂಡು ಕೂರುವವರೂ ಇದ್ದಾರೆ. ಇವೆರಡಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. “ಹೊಸ ಗಾಡಿ ತಾನೇ ಓಡುತ್ತದೆ, ನಿನಗೇನು ಆಯಾಸ? ಬೆಂಗಳೂರಿಗೆ ಒಂದೇ ಉಸಿರಿಗೆ ಹೋಗಿ ಬಾ” ಎನ್ನುವ ಮಾಲಿಕರು ಹೆಚ್ಚುತ್ತಿದ್ದಾರೆ. ಈ ಮಾತಿಗೆ ಉತ್ತರ ಕೊಡಬೇಕಾದರೆ ಮೊದಲು ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ನಮಗೆ ತಿಳಿದಿರಬೇಕು.

ಇದರ ಕೆಲಸ ಬಹಳ ಸರಳ. ಬೇಕಾದ ವೇಗಕ್ಕೆ ಗಾಡಿಯನ್ನು ತಂದು ‘ಸೆಟ್’ ಗುಂಡಿ ಒತ್ತಿದರೆ, ಎಕ್ಸಲರೇಟರಿನಿಂದ ಕಾಲು ತೆಗೆದರೂ ಗಾಡಿ ಅದೇ ವೇಗದಲ್ಲಿ ಓಡುತ್ತದೆ. ಏರು ಬಂದರೆ ಯಂತ್ರ ತಾನೇ ಎಂಜಿನ್ನಿಗೆ ಹೆಚ್ಚು ಉಣಿಸುತ್ತದೆ, ಸಮತಟ್ಟು ಬಂದರೆ ಕಡಿಮೆ ಮಾಡುತ್ತದೆ. ಬ್ರೇಕನ್ನು ಮುಟ್ಟಿದ ಕೂಡಲೇ ಬಿಟ್ಟುಕೊಡುತ್ತದೆ. ಕ್ಲಚ್ಚಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚು ಮುಟ್ಟಿದರೂ ಅಷ್ಟೇ. ‘ರೆಸ್’ ಎಂಬ ಗುಂಡಿ ಒತ್ತಿದರೆ ಹಿಂದಿನ ವೇಗಕ್ಕೆ ಮರಳುತ್ತದೆ. ಈ ಗುಂಡಿಯ ವಿಷಯದಲ್ಲಿ ಎಚ್ಚರ ಬೇಕು. ಹೆದ್ದಾರಿಯಲ್ಲಿ 95ಕ್ಕೆ ನಿಲ್ಲಿಸಿದ್ದನ್ನು ಮರೆತು, ಊರೊಳಗಿನ ರಸ್ತೆಯಲ್ಲಿ ಒತ್ತಿದರೆ ಗಾಡಿ ಮತ್ತೆ 95ರ ಕಡೆಗೇ ನೆಗೆಯುತ್ತದೆ.

ವೇಗವನ್ನು ಒಂದೇ ಸಮನೆ ಕಾಯುವ ವಿದ್ಯೆ ಹೊಸದಲ್ಲ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ, ತಿರುಗುವ ಎರಡು ಗುಂಡುಗಳ ಗವರ್ನರು ಇದರ ಅಜ್ಜ. ಮೋಟಾರಿಗೆ ಇದನ್ನು ತಂದವರು ಅಮೇರಿಕದ ರಾಲ್ಫ್ ಟೀಟರ್. ಐದನೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡ ಮನುಷ್ಯ ಇವರು! ಆದರೂ ಎಂಜಿನಿಯರರಾದರು. ಇವರ ವಕೀಲರು ಕಾರು ನಡೆಸುವಾಗ ತಾವು ಮಾತನಾಡಿದರೆ ನಿಧಾನಿಸುವರು, ಎದುರಿನವರ ಮಾತು ಕೇಳುವಾಗ ಓಡಿಸುವರು. ಆ ಎಳೆದಾಟದಿಂದ ಬೇಸತ್ತು ಟೀಟರರು ಈ ಉಪಾಯ ಹೂಡಿದರೆಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟು ದೊರೆಯಿತು; 1958ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಇದು ಮಾರುಕಟ್ಟೆಗೆ ಬಂದಿತು. ಕಣ್ಣಿಲ್ಲದವರು ಕಣ್ಣಿದ್ದವರ ಕಾಲಿನ ಚಾಂಚಲ್ಯವನ್ನು ಕಂಡುಹಿಡಿದರು ಎಂಬುದನ್ನು ನೆನೆದಾಗ ನಮಗೆ ಆ ಮನುಷ್ಯರ ಮೇಲೆ ಬಹಳ ಗೌರವ ಮೂಡುತ್ತದೆ.

ಹಳದಿ ಫಲಕದ ಗಾಡಿಯವರು ಇದನ್ನು ಸ್ಪೀಡ್ ಗವರ್ನರಿನೊಡನೆ ಬೆರೆಸಬಾರದು. ಟ್ಯಾಕ್ಸಿಗಳಿಗೆ ಸರಕಾರ ಹಾಕಿಸುವ ಗವರ್ನರು 80ರ ಮೇಲೆ ಹೋಗಗೊಡದು. ಅದು ಬಾಗಿಲಿಗೆ ಹಾಕಿದ ಬೀಗ. ಕ್ರೂಸ್ ಕಂಟ್ರೋಲ್ ಬೀಗವಲ್ಲ. ನಾವು ಹೇಳಿದ ವೇಗವನ್ನು, ಅದು ತಪ್ಪಿದ್ದರೂ ಸರಿಯೇ, ಹಿಡಿದುಕೊಂಡು ಹೋಗುವ ಆಳು.

ಉಪಯೋಗವಿಲ್ಲವೇ? ಖಂಡಿತ ಇದೆ. 2002ರಲ್ಲಿ ಪೂರ್ತಿಯಾದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ರಸ್ತೆಯ ಸಮತಟ್ಟಾದ ಭಾಗದಲ್ಲಿ, ಬೆಳಗಿನ ಜಾವ ಗಾಡಿಗಳು ವಿರಳವಾಗಿದ್ದಾಗ, ಅದು ಮಂಡಿಗೂ ಸೊಂಟಕ್ಕೂ ಕೊಡುವ ಆರಾಮವನ್ನು ಅನುಭವಿಸಿದವರೇ ಬಲ್ಲರು. ಇನ್ನೊಂದು ಲಾಭ ಚಲನ್ನಿನದು. ಈಗ ಕ್ಯಾಮರಾ ಎಲ್ಲೆಲ್ಲೂ ಇದೆ. ಮಿತಿ ಮೀರಿದರೆ ಚಲನ್ ಮಾಲಿಕರ ಹೆಸರಿಗೆ ಬರುತ್ತದೆ, ಹಣ ನಮ್ಮ ಪಗಾರದಿಂದ ಹೋಗುತ್ತದೆ. ಬರಿದಾದ ರಸ್ತೆಯಲ್ಲಿ ಕಾಲು ತಾನಾಗಿ ಭಾರವಾಗುವುದು ಎಲ್ಲರ ಅನುಭವ. ವೇಗವನ್ನು ಮಿತಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಆ ಕಾಟ ತಪ್ಪುತ್ತದೆ. ಆದರೆ ರಸ್ತೆಯ ಫಲಕವನ್ನು ಈ ಸಾದಾ ಯಂತ್ರ ಓದುವುದಿಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಯ ಮೇಲೆ ಕಾರುಗಳಿಗೆ 100ರ ಮಿತಿ. ಹತ್ತುವ ಇಳಿಯುವ ಕಡೆ 40. ಅಲ್ಲಿ ಬಿಡಿಸಿಕೊಳ್ಳಬೇಕಾದವರು ನಾವೇ.

ಎಣ್ಣೆಯ ಉಳಿತಾಯದ ಬಗೆಗೆ ಬಹಳ ಮಾತು ಕೇಳುತ್ತೇವೆ. ಸಮತಟ್ಟಿನಲ್ಲಿ ಉಳಿತಾಯವುಂಟು, ಏಕೆಂದರೆ ಒಮ್ಮೆ ಓಡಿಸಿ ಒಮ್ಮೆ ನಿಧಾನಿಸುವ ದುಂದು ಇಲ್ಲ. ಸಣ್ಣ ಏರಿಳಿತಗಳ ರಸ್ತೆಯಲ್ಲಿ ಮಾತ್ರ ಪಳಗಿದ ಚಾಲಕನ ಕಾಲೇ ಮೇಲು. ಅವನು ಏರಿನಲ್ಲಿ ತುಸು ವೇಗ ಬಿಟ್ಟುಕೊಟ್ಟು ಇಳಿಜಾರಿನಲ್ಲಿ ಹಿಂದಕ್ಕೆ ಪಡೆಯುತ್ತಾನೆ. ಯಂತ್ರ ಹಟ ಹಿಡಿದು ಎಣ್ಣೆ ಕುಡಿಯುತ್ತದೆ. ಇಷ್ಟಕ್ಕೂ ಉಳಿತಾಯದ ನಿಜವಾದ ಕೀಲಿ ವೇಗದಲ್ಲಿದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ.

ಇನ್ನು ಅಪಾಯದ ಮಾತು. ಮೊದಲನೆಯದು ಘಾಟು. ಸಾದಾ ಕ್ರೂಸ್ ಕಂಟ್ರೋಲಿಗೆ ಎಂಜಿನ್ನಿಗೆ ಉಣಿಸುವುದು, ಉಣಿಸದಿರುವುದು, ಇವೆರಡೇ ಗೊತ್ತು. ಅನೇಕ ಗಾಡಿಗಳಲ್ಲಿ ಅದು ಬ್ರೇಕು ಹಾಕುವುದಿಲ್ಲ. ಇಳಿಜಾರಿನಲ್ಲಿ ನಾವು 60ಕ್ಕೆ ನಿಲ್ಲಿಸಿದ್ದೇವೆಂದು ನಂಬಿ ಕುಳಿತರೆ ಗಾಡಿ ತನ್ನ ಭಾರಕ್ಕೆ 70, 80 ಆಗುತ್ತದೆ. ಖಂಡಾಳಾ ಘಾಟಿನಲ್ಲಾಗಲಿ, ಊರಿಗೆ ಹೋಗುವಾಗ ಖಂಬಾಟ್ಕಿ ಘಾಟಿನಲ್ಲಾಗಲಿ ಇದನ್ನು ಮುಟ್ಟಲೇಕೂಡದು. ಪುಣೆಯಲ್ಲಿ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಜಾಗ ನಿಮಗೆಲ್ಲ ಗೊತ್ತು. 2022ರ ನವೆಂಬರಿನಲ್ಲಿ ಅಲ್ಲಿ ಭಾರಿ ವಾಹನವೊಂದು ಹತ್ತಾರು ಗಾಡಿಗಳಿಗೆ ಅಪ್ಪಳಿಸಿತು. ಅದು ಕ್ರೂಸ್ ಕಂಟ್ರೋಲಿನ ತಪ್ಪೆಂದು ನಾವು ಹೇಳುತ್ತಿಲ್ಲ. ಆ ಇಳಿಜಾರಿನ ಗುಣ ಎಂಥದೆಂದು ಹೇಳುತ್ತಿದ್ದೇವೆ. ಅಂಥಲ್ಲಿ ಕೆಳಗಿನ ಗೇರು, ಪೆಡಲಿನ ಮೇಲೆ ಕಾಲು, ಬೇರೆ ದಾರಿಯಿಲ್ಲ.

ಎರಡನೆಯದು ಮಳೆ. ನಮ್ಮ ಕರಾವಳಿಯ ಬಂಧುಗಳು ಶ್ರಾವಣದಲ್ಲಿ 66ನೆಯ ಹೆದ್ದಾರಿ ಹಿಡಿದು ಊರಿಗೆ ಹೋಗುತ್ತಾರೆ. ನಿಂತ ನೀರಿನ ಮೇಲೆ ಚಕ್ರ ರಸ್ತೆಯ ಹಿಡಿತ ಬಿಟ್ಟಾಗ ಕಾಲು ಮೆಲ್ಲನೆ ಎಕ್ಸಲರೇಟರನ್ನು ಬಿಡಬೇಕು. ಇಲ್ಲಿ ಬಿಡಲು ಕಾಲೇ ಅಲ್ಲಿಲ್ಲ; ನಮಗೆ ಅರಿವಾಗುವವರೆಗೂ ಯಂತ್ರ ವೇಗ ಕಾಯುವ ಪ್ರಯತ್ನದಲ್ಲಿರಬಹುದು. ಗಾಬರಿಯಿಂದ ಬ್ರೇಕು ತುಳಿದರೆ ಗಾಡಿ ಇನ್ನಷ್ಟು ಜಾರುತ್ತದೆ. ಮಳೆಯಲ್ಲಿ ಬೇಡ ಎಂದು ಗಾಡಿಯೊಡನೆ ಕೊಡುವ ಪುಸ್ತಕಗಳೂ ಹೇಳುತ್ತವೆ. ಆ ಪುಸ್ತಕವನ್ನು ಡ್ಯಾಷ್‌ಬೋರ್ಡಿನಿಂದ ಹೊರತೆಗೆದವರು ಈ ಸಭೆಯಲ್ಲಿ ಎಷ್ಟು ಮಂದಿ ಎಂದು ಕೇಳಿ ನಿಮ್ಮನ್ನು ಸಂಕಟಕ್ಕೆ ಗುರಿಮಾಡುವುದಿಲ್ಲ!

ದುಬಾರಿ ಗಾಡಿಗಳಲ್ಲಿ ರಡಾರಿನ ಯಂತ್ರ ಬಂದಿದೆ. ಅದು ಮುಂದಿನ ಗಾಡಿಯನ್ನು ನೋಡಿ ಅಂತರ ಕಾಯುತ್ತದೆ, ಬ್ರೇಕನ್ನೂ ಹಾಕುತ್ತದೆ. ಒಳ್ಳೆಯದೇ. ಆದರೆ ನಾವು ಬಿಟ್ಟ ಅಂತರ ನಮ್ಮ ದೇಶದಲ್ಲಿ ಖಾಲಿ ಉಳಿಯುವುದುಂಟೇ? ಯಾರಾದರೂ ಬಂದು ನುಗ್ಗುತ್ತಾರೆ, ಯಂತ್ರ ಬೆಚ್ಚಿ ಬ್ರೇಕು ಹಾಕುತ್ತದೆ, ಹಿಂದಿನವನು ಬೈಯುತ್ತಾನೆ. ಅದು ಸಹಿಸುವ ಮಾತು. ಸಹಿಸಲಾಗದ್ದು ಇದು: ಹಿಂದೀಪವಿಲ್ಲದೆ ರಸ್ತೆಯ ಅಂಚಿನಲ್ಲಿ ನಿಂತ ಲಾರಿಯನ್ನು, ಅಡ್ಡ ಬರುವ ದನವನ್ನು ಅದು ಗುರುತಿಸಿಯೇ ತೀರುತ್ತದೆಂಬ ಭರವಸೆಯನ್ನು ತಯಾರಕರೂ ಕೊಡುವುದಿಲ್ಲ. ಕೆಸರು ಮೆತ್ತಿದರೆ ಅದರ ಕಣ್ಣು ಮುಚ್ಚಿಹೋಗುತ್ತದೆ.

ಹೀಗಾಗಿ ಯಂತ್ರ ಯಾವುದೇ ಇರಲಿ, ಬಲಗಾಲು ಬ್ರೇಕಿನ ಬಳಿ ಇರಬೇಕು. ಲೆಕ್ಕ ನೋಡಿ: 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರು, 100ರಲ್ಲಿ ಸುಮಾರು 28 ಮೀಟರು ಹೋಗುತ್ತದೆ. ಮಡಿಸಿದ ಕಾಲನ್ನು ಬಿಚ್ಚಿ ತರಲು ಅರ್ಧ ಸೆಕೆಂಡು ಹೆಚ್ಚು ಬೇಕಾದರೂ 14 ಮೀಟರು ಹೋಯಿತು. ಮೂರು ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ದಾದರಿನಲ್ಲಿ, ಸಾಯನ್ನಿನಲ್ಲಿ, ಕುರ್ಲಾದ ಗದ್ದಲದಲ್ಲಿ ಇದನ್ನು ಉಪಯೋಗಿಸಲೇ ಎಂದು ಕೇಳಿದವರೊಬ್ಬರಿದ್ದಾರೆ. ಬೇಡ. ಸಾದಾ ಯಂತ್ರವಾದರೆ ಬಹಳ ಗಾಡಿಗಳಲ್ಲಿ 30–40ರ ಕೆಳಗೆ ಅದು ಏಳುವುದೇ ಇಲ್ಲ.

ಈಗ ಸೇಠರ ಮಾತಿಗೆ ಬರೋಣ. ಕ್ರೂಸ್ ಕಂಟ್ರೋಲ್ ಕಾಲಿನ ದಣಿವನ್ನು ಕಳೆಯುತ್ತದೆ. ಕಣ್ಣಿನ, ಮನಸ್ಸಿನ ದಣಿವನ್ನು ಕಳೆಯುವುದಿಲ್ಲ. ಕಾಲಿಗೆ ಕೆಲಸವಿಲ್ಲದಾಗ ತೂಕಡಿಕೆ ಬೇಗ ಬರುವುದೂ ಉಂಟು. 2025ರ ಜೂನಿನಲ್ಲಿ ಪೂರ್ತಿಯಾದ ನಾಗಪುರದ ಸಮೃದ್ಧಿ ಮಹಾಮಾರ್ಗದಂಥ 701 ಕಿಲೋಮೀಟರಿನ ನೇರ ಕಾಂಕ್ರೀಟು ರಸ್ತೆಯಲ್ಲಿ, ಒಂದೇ ವೇಗ, ಒಂದೇ ಸದ್ದು, ಒಂದೇ ನೋಟ. ರೆಪ್ಪೆ ಕೂಡಲು ಮತ್ತೇನು ಬೇಕು?

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು ಬರೆದಿತ್ತು. ಐವರಿಗಿಂತ ಕಡಿಮೆ ಕೆಲಸಗಾರರಿದ್ದಲ್ಲಿಗೆ ಅದರ ಕೈ ತಲುಪುತ್ತಿರಲಿಲ್ಲ. ಒಬ್ಬನೇ ಚಾಲಕನಿದ್ದ ಮನೆಯ ಕಾರು ಹೊರಗೇ ಉಳಿಯಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲಿಯೂ ದಿನಕ್ಕೆ 8 ಗಂಟೆಯ ಮಾತು ಇದೆ. ಯಾವ ಕಾಯಿದೆಯಲ್ಲಿಯೂ “ಕ್ರೂಸ್ ಕಂಟ್ರೋಲ್ ಇದ್ದರೆ 16 ಗಂಟೆ” ಎಂದು ಬರೆದಿಲ್ಲ.

ಬೆಂಗಳೂರು ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರು. ಒಬ್ಬನೇ ಒಂದೇ ಓಟದಲ್ಲಿ ಮುಗಿಸುವ ದಾರಿಯಲ್ಲ. ಮಾಲಿಕರೊಡನೆ ಜಗಳವಾಡಿ ಎಂದು ನಾವು ಹೇಳುವುದಿಲ್ಲ. ಹೊರಡುವ ಮುನ್ನವೇ ಮೃದುವಾಗಿ, ಸ್ಪಷ್ಟವಾಗಿ ಮಾತನಾಡಿಕೊಳ್ಳಿ. “ಕೊಲ್ಹಾಪುರದಲ್ಲೋ ಬೆಳಗಾವಿಯಲ್ಲೋ ರಾತ್ರಿ ತಂಗುತ್ತೇನೆ, ಹಿಂದಿನ ಸೀಟಿನಲ್ಲಿ ನಿಮ್ಮ ಮಕ್ಕಳಿರುತ್ತಾರೆ” ಎಂದರೆ ಒಪ್ಪದ ಸೇಠರು ಕಡಿಮೆ. ಒಪ್ಪದಿದ್ದರೆ ಸಂಘದ ಕಚೇರಿಗೆ ತಿಳಿಸಿ. ಒಬ್ಬರ ಬಾಯಿಂದ ಬಾರದ ಮಾತನ್ನು ನಾವು ಹತ್ತು ಮಂದಿ ಹೋಗಿ ಆಡುತ್ತೇವೆ.

ಕೆಳಗೆ ಅಂಗಳದಲ್ಲಿ ಸದಸ್ಯರೊಬ್ಬರ ಗಾಡಿ ನಿಂತಿದೆ. ಗುಂಡಿಗಳನ್ನು ನೋಡಬೇಕೆನ್ನುವವರು ಚಹಾ ಮುಗಿಸಿ ಬನ್ನಿ, ಒಬ್ಬೊಬ್ಬರಿಗೂ ತೋರಿಸುತ್ತೇವೆ.